ಪಾಪ ಎಂದದ್ದು

ಕುರ್ಚಿ ಎತ್ತರ, ಪಾದ ನೆಲಕ್ಕೆ ತಾಗುತ್ತಿಲ್ಲ, ಅದನ್ನು ಹೇಗೆ ಕಂಡಳೋ, ಮಾತಿಲ್ಲದೆ ತನ್ನ ಚೀಲವನ್ನೇ ನನ್ನ ಕಾಲಡಿಗೆ ಸರಿಸಿದ್ದಾಳೆ ಈ ಹುಡುಗಿ, ಹೊಡೆತ ತಿಂದು ಬದುಕಿದವರ ಗಾಯ ಅಳೆಯುವುದು ಅವಳ ಕೆಲಸವಂತೆ, ಮೈಯದ್ದಲ್ಲ ಅಜ್ಜಿ, ನ್ಯಾಯ ಅನ್ಯಾಯ ಅಂತ ಒಳಗಡೆ ಇರುತ್ತಲ್ಲ, ಅದಕ್ಕೆ ಬಿದ್ದ ಪೆಟ್ಟು, ನಾನೊಂದು ವಾಕ್ಯ ಓದ್ತೀನಿ, ನೀವು ಸೊನ್ನೆಯಿಂದ ನಾಲ್ಕರೊಳಗೆ ಅಂಕಿ ಹೇಳಿ, ಸೊನ್ನೆ ಅಂದ್ರೆ ಇಲ್ವೇ ಇಲ್ಲ, ನಾಲ್ಕು ಅಂದ್ರೆ ಪೂರ್ತಿ ನಿಜ — ಆಗಲಿ ತಾಯಿ, ನಾನೂ ಡಿಗ್ರಿ ಮಾಡಿದವಳು, ಅಂಕ ಕೊಡುವ ಭಾಗ್ಯ ಮಾತ್ರ ಇವತ್ತೇ ಬಂದದ್ದು ಎಂದೆ, ನಕ್ಕಳು. ನನ್ನ ಗಂಡ, ಇವರು, ತೀರಿಕೊಂಡು ಎಷ್ಟೋ ವರ್ಷ, ಕೈ ಎತ್ತುವವರು ಯಾರೂ ಇಲ್ಲ, ಆದರೂ ಬಾಗಿಲು ಬಡಿದುಕೊಂಡರೆ ಭುಜ ತಾನಾಗಿ ಕಿವಿಗೇರುತ್ತದೆ, ಇರಲಿ, ಇವರ ಮೇಲಿನ ಪ್ರಶ್ನೆಗಳಿಗೆಲ್ಲ ನಾಲ್ಕು, ನಾಲ್ಕು, ಸಲೀಸಾಗಿ ಹೇಳಿಬಿಟ್ಟೆ. ಮುಂದಿನದು, ನನ್ನನ್ನು ಕಾಪಾಡಬೇಕಾದವರು ಗೊತ್ತಿದ್ದೂ ಸುಮ್ಮನಿದ್ದರು — ಸೊನ್ನೆ, ಇಲ್ಲಮ್ಮ, ನನಗೆ ಅತ್ತೆ ಇದ್ದರಲ್ಲ, ಅಂಥವರು ಯಾರಿಗೆ ಸಿಗುತ್ತಾರೆ, ಕಿಟಕಿಯ ಕಟ್ಟೆ ಮೇಲೆ ಮುಲಾಮಿನ ಟ್ಯೂಬು ಇಟ್ಟು, ಊದಿದ ನನ್ನ ಬೆರಳಿಗೆ ತಿರುಗಿಸಲಾಗದೆಂದು ಮುಚ್ಚಳವನ್ನೂ ಸಡಿಲಿಸಿ, ಪಾಪ ಎನ್ನುತ್ತಿದ್ದರು, ಅಷ್ಟೇ, ಆ ಒಂದು ಮಾತು ಹಿಡಿದುಕೊಂಡೇ ನಾನು ಆ ಮನೆಯಲ್ಲಿ ದಿನ ನೂಕಿದ್ದು.

ಹುಡುಗಿ ಬರೆದುಕೊಳ್ಳಲಿಲ್ಲ. ಅದನ್ನ ಯಾವಾಗ ಇಡ್ತಿದ್ರು ಅಜ್ಜಿ. ಯಾವಾಗ ಎಂದರೆ, ಮಧ್ಯಾಹ್ನ ಮಲಗಿ ಎದ್ದು, ಒಣಗಿದ ಬಟ್ಟೆ ಮಡಚುತ್ತಾ, ಟ್ಯೂಬಿನ ಮೇಲೆ ಬಿಸಿಲು ಬಿದ್ದಿರುತ್ತಿತ್ತು — ಯಜಮಾನ್ರು ಮನೆಗೆ ಬರ್ತಿದ್ದದ್ದು? ಸಂಜೆ, ಎಂದೆ. ಸಂಜೆ. ನನ್ನ ಬಾಯಿಂದಲೇ ಬಂತು, ನನಗೇ ಈಗ ಕೇಳಿಸಿತು. ಬಿಸಿಲು ಮೊದಲು, ಸಂಜೆ ಆಮೇಲೆ. ದಿನಾ ಇಡುತ್ತಿರಲಿಲ್ಲ, ಇಟ್ಟ ದಿನ ಏಟು ತಪ್ಪುತ್ತಿರಲಿಲ್ಲ, ಆ ದಿನ ಇವರು ಚಪ್ಪಲಿ ಬಿಟ್ಟವರೇ ಅಮ್ಮನ ಕೋಣೆಗೆ, ಒಳಗೆ ಪಿಸುಪಿಸು, ಆಮೇಲೆ ನನ್ನ ಕಡೆ — ಮಗನ ಕಿವಿಗೆ ಹಾಕುವುದೇನೆಂದು ಮಧ್ಯಾಹ್ನವೇ ತೀರ್ಮಾನಿಸಿ, ಮುಲಾಮು ತೆಗೆದಿಟ್ಟು, ಪಾಪ ಎಂದು, ಆ ಪಾಪ ಯಾರದ್ದು, ಮರುಕದ್ದು ಎಂದುಕೊಂಡಿದ್ದೆನಲ್ಲ, ತಮ್ಮದನ್ನೇ ಹೇಳಿಕೊಳ್ಳುತ್ತಿದ್ದರೇ ಅತ್ತೆ. ನೀರು ಕುಡೀರಿ ಅಜ್ಜಿ, ಇವತ್ತಿಗೆ ಸಾಕು ಅಂದ್ರೆ ಸಾಕು, ಅಂಕಿ ಹಾಗೇ ಇರ್ಲಾ, ಬದಲಾಯಿಸ್ಲಾ — ನಾಲ್ಕು ಎಂದರೆ ಆ ಮನೆಯಲ್ಲಿ ನನ್ನವರೆಂದು ಒಬ್ಬರೂ ಉಳಿಯುವುದಿಲ್ಲ, ಸೊನ್ನೆ ಎನ್ನಲು ನಾಲಿಗೆ ಏಳುವುದಿಲ್ಲ, ಬಿಸಿಲು, ಕಿಟಕಿಯ ಕಟ್ಟೆ, ಟ್ಯೂಬು, ಮುಚ್ಚಳ, ನನ್ನ ಬೆರಳು ಇನ್ನೂ ನೆಟ್ಟಗಿದ್ದಾಗಲೇ ಸಡಿಲಿಸಿಟ್ಟ ಮುಚ್ಚಳ