ಮಗಳ ಮನೆಯ ನೆಲ

ಮರದ ನೆಲ ಹಾಸುವುದರಲ್ಲಿ ಆ ಬಡಗಿಯದು ಎತ್ತಿದ ಕೈ. ಮಗಳಿಗೆ ಹನ್ನೆರಡಾಗಿದ್ದಾಗ, ಕೆಡವಿದ ಗೋದಾಮೊಂದರಿಂದ ಗಟ್ಟಿಮರದ ಹಲಗೆಗಳನ್ನು ಆರಿಸಿ ತಂದು, "ಇವು ನಿನ್ನ ಮನೆಗೆ" ಎಂದಿದ್ದ. ಹದಿನಾರು ವರ್ಷ ಅವನ್ನು ಹಿತ್ತಲಿನ ಶೆಡ್ಡಿನಲ್ಲಿ ಮಗುಚಿ ಹಾಕುತ್ತ, ಗೆದ್ದಲು ಹತ್ತದಂತೆ ಕಾಯ್ದ.

"ಅವಕ್ಕೆ ಮಾಡೋ ಉಪಚಾರದಲ್ಲಿ ಅರ್ಧ ನನಗೆ ಮಾಡಿದ್ರೂ ಸಾಕಿತ್ತು ಕಣ್ರೀ" ಎಂದು ಹೆಂಡತಿ ಛೇಡಿಸುತ್ತಿದ್ದಳು.

ಮಗಳು ನಾಲ್ಕನೇ ಮಹಡಿಯಲ್ಲಿ ಮನೆ ಕೊಂಡಳು. ಬಡಗಿ ಟೇಪು ಹಿಡಿದು ಹೋದ. ಮುಂಬಾಗಿಲು ಕಬ್ಬಿಣದ್ದು, ಕೆಳಗೆ ಅರ್ಧ ಇಂಚು ಸಂದು. ಹಲಗೆಯ ದಪ್ಪವೇ ಒಂದಿಂಚು; ಹಾಸಿದರೆ ಬಾಗಿಲು ತೆರೆಯದು, ಕಬ್ಬಿಣವನ್ನು ಹೆರೆಯಲೂ ಆಗದು. ಕಾಂಕ್ರೀಟಿನೊಳಗೆ ನೀರಿನ ಪೈಪುಗಳಿದ್ದದ್ದರಿಂದ ಮೊಳೆ ಹೊಡೆಯುವಂತೆಯೂ ಇರಲಿಲ್ಲ. ಅವನು ಮೂರು ಸಲ ಅಳೆದ.

"ಹಲಗೆ ಸೀಳಿಸ್ತೀನಿ. ಅಂಟು ಹಾಕಿ ಕೂರಿಸೋಣ."

"ಸೀಳಿದ್ರೆ ಬಾಗುತ್ತೆ ಅಂತ ನೀನೇ ಹೇಳ್ತಿದ್ದೆಯಲ್ಲಪ್ಪಾ." ಮಗಳು ಅವನ ತೋಳು ಹಿಡಿದಳು. "ಲ್ಯಾಮಿನೇಟ್ ಪಟ್ಟಿ ಹಾಕೋಣ. ಎಂಟೇ ಮಿಲಿಮೀಟರು. ನೋಡೋಕೆ ಥೇಟ್ ಮರದ ಹಾಗೇ ಇರುತ್ತೆ."

ಬಡಗಿ ಟೇಪನ್ನು ಸುತ್ತಿ ಜೇಬಿಗಿಟ್ಟ.

"ನೀನೇ ಹಾಸಿಕೊಡ್ತೀಯಾ?"

ಅವನು ಹೂಂ ಎಂದ.

ತೆಳು ಫೋಮಿನ ಹಾಳೆ ಹರಡಿ, ಪಟ್ಟಿಗೆ ಪಟ್ಟಿ ಸಿಕ್ಕಿಸುತ್ತ ಹೋಗುವುದಷ್ಟೇ ಕೆಲಸ. ಐದು ಪಟ್ಟಿಗೊಮ್ಮೆ ಅದೇ ಗಂಟು, ಅದೇ ಗೆರೆ ಬರುತ್ತಿತ್ತು; ಒಂದೇ ಚಿತ್ರವನ್ನು ಮತ್ತೆ ಮತ್ತೆ ಅಚ್ಚು ಹಾಕಿದ್ದರು. ಒಂದೇ ಥರದವು ಅಕ್ಕಪಕ್ಕ ಬೀಳದಂತೆ ಅವನು ಅದಲು ಬದಲು ಮಾಡಿದ. ಆದರೂ ಸಂಜೆ ನಾಲ್ಕಕ್ಕೆ ಎರಡು ಕೋಣೆ ಮುಗಿದೇ ಹೋದವು.

"ಇಷ್ಟು ಬೇಗ! ನಿಮ್ಮ ಕೈ ಅಂದ್ರೆ ಕೈ, ಮಾವ" ಎಂದ ಅಳಿಯ.

"ಇದಕ್ಕೆ ಯಾರ ಕೈಯಾದ್ರೂ ಆಗುತ್ತಪ್ಪ."

ಮಗಳು ಬರಿಗಾಲಲ್ಲಿ ಹೊಸ ನೆಲದ ಮೇಲೆ ನಡೆದು, "ಚೆನ್ನಾಗಿದೆ" ಎಂದು ಮುಖ ತಿರುಗಿಸಿಕೊಂಡಳು.

ಶೆಡ್ಡಿನಲ್ಲಿದ್ದ ಹಲಗೆಗಳು ಹೋಟೆಲೊಂದರ ಗೋಡೆಯ ಅಲಂಕಾರಕ್ಕೆ ಹೋದವು. ಆ ವರ್ಷ ಮರದ ನೆಲ ಬೇಕೆಂದು ಒಬ್ಬರೂ ಕರೆಯಲಿಲ್ಲ. ಬಡಗಿ ಲ್ಯಾಮಿನೇಟ್ ಅಂಗಡಿಯ ಮೆಟ್ಟಿಲು ಹತ್ತಿದ.

"ದಿನಕ್ಕೆ ಎಷ್ಟು ಕೋಣೆ ಮಾಡ್ತೀರಿ?" ಎಂದು ಅಂಗಡಿಯವನು ಕೇಳಿದ.

"ಎರಡು."

"ಬೇರೆಯವರು ಮೂರು ಮಾಡ್ತಾರಲ್ಲ, ಯಜಮಾನ್ರೇ."

"ನಾನೂ ಮೂರು ಮಾಡ್ತೀನಿ."

ಐದು ತಿಂಗಳು ಹೇಳಿದಂತೆಯೇ ಮಾಡಿದ. ಆರನೆಯ ತಿಂಗಳು ಯಾರದೋ ಮಲಗುವ ಕೋಣೆಯಲ್ಲಿ ಬಲ ಮಂಡಿ ಮಡಿಸಿದ್ದು ಬಿಚ್ಚಲಿಲ್ಲ. ಇಬ್ಬರು ಹಿಡಿದೆತ್ತಿ ಕೆಳಗಿಳಿಸಿದರು. ಇನ್ನು ಮಂಡಿಯೂರಕೂಡದು ಎಂದರು ಡಾಕ್ಟರು. ಮಂಡಿಯೂರದೆ ಮಾಡುವ ಯಾವ ಕೆಲಸವೂ ಅವನಿಗೆ ಗೊತ್ತಿರಲಿಲ್ಲ.

"ಮುಂದೇನ್ರೀ?" ಎಂದಳು ಹೆಂಡತಿ.

"ಏನೂ ತೋಚ್ತಿಲ್ಲ ಕಣೆ" ಎಂದು ಅವನು ಹಾಡಹಗಲೇ ಗೋಡೆಯ ಕಡೆಗೆ ಹೊರಳಿ ಮಲಗಿದ.