ಒದ್ದೆ ಕೈ

ಮೀನುಗಳ ಮೈಮೇಲಿನ ಬಿಳಿ ಚುಕ್ಕೆ ಮಾಯವಾದ ಬೆಳಿಗ್ಗೆ ಮನೆಯಲ್ಲಿ ಎಲ್ಲರಿಗೂ ಹೋದ ಜೀವ ಬಂದಂತಾಯಿತು, ಸಿಸ್ಟರಮ್ಮನೊಬ್ಬರನ್ನು ಬಿಟ್ಟು.

“ಅಮ್ಮಾ, ಬಾ ನೋಡು! ಒಂದು ಚುಕ್ಕೆ ಇದ್ರೆ ಕೇಳು! ತಾನಾಗೇ ವಾಸಿಯಾಗೋಯ್ತು!” ಎಂದು ಮಗ ಗಾಜಿನ ತೊಟ್ಟಿಯ ಮುಂದೆ ನಿಂತು ಕೂಗಿದ. ಬಾ ಎಂದ ಮೇಲೆ ಅವನಿಗೆ ನೆನಪಾಯಿತು, ಅಮ್ಮ ಎದ್ದು ಬರುವ ಸ್ಥಿತಿಯಲ್ಲಿಲ್ಲವೆಂದು. ಸೊಂಟದ ಮೂಳೆ ಮುರಿದು, ಒಳಗೆ ಸ್ಟೀಲಿನ ರಾಡು ಹಾಕಿಸಿಕೊಂಡು, ಅವರು ಆಸ್ಪತ್ರೆಯಿಂದ ಬಂದು ಇನ್ನೂ ವಾರವಾಗಿರಲಿಲ್ಲ.

“ವಾಸಿಯಾಗಿಲ್ಲ ಕಣೋ, ಈಗ ಶುರು,” ಎಂದರು ಸಿಸ್ಟರಮ್ಮ ಕಿಟಕಿ ಪಕ್ಕದ ಕುರ್ಚಿಯಿಂದಲೇ. “ಆ ಚುಕ್ಕೆ ಅಂದ್ರೆ ಹುಳದ ಗೂಡು. ಮೀನಿನ ಮೈ ತಿಂದು ಹೊಟ್ಟೆ ತುಂಬಿದ ಮೇಲೆ ಉದುರಿ ಮರಳಿಗೆ ಬೀಳ್ತವೆ. ಅಲ್ಲಿ ಒಂದು ನೂರಾಗಿ ಮತ್ತೆ ಎದ್ದು ಬರ್ತವೆ. ನೀನು ಇಲ್ಲಿ ಕುಣೀತಿದೀಯ, ಅವು ಅಲ್ಲಿ ಸಂಸಾರ ಹೂಡಿವೆ.”

ಮಗನ ಮುಖ ಸಪ್ಪಗಾಯಿತು. ಪಾಪ, ಮಾಡಿದ್ದು ಎಡವಟ್ಟಾದರೂ ಅವನ ಮನಸ್ಸು ಕೆಟ್ಟದ್ದಲ್ಲ. ಅಮ್ಮ ಮನೆಗೆ ಬರುವ ಹೊತ್ತಿಗೆ ಖುಷಿಯಾಗಲಿ ಎಂದು ಅಂಗಡಿಯಿಂದ ಒಂದು ನೀಲಿ ಮೀನು ತಂದು ಸೀದಾ ದೊಡ್ಡ ತೊಟ್ಟಿಗೆ ಬಿಟ್ಟಿದ್ದ. ಹೊಸ ಮೀನು ಯಾವುದೇ ಬರಲಿ, ಒಂದು ತಿಂಗಳು ಬೇರೆ ಟಬ್ಬಿನಲ್ಲಿದ್ದು ಆಮೇಲೆ ತೊಟ್ಟಿಗೆ ಎನ್ನುವುದು ಆ ಮನೆಯ ಹಳೆಯ ಕಾನೂನು. ಎಲ್ಲರೂ ನಗಾಡುತ್ತಲೇ ಪಾಲಿಸುತ್ತಿದ್ದರು. ಕಾನೂನು ಮಾಡಿದವರು ಆಸ್ಪತ್ರೆ ಸೇರಿದ ಮೇಲೆ ನಗು ಮಾತ್ರ ಉಳಿಯಿತು. ನೀಲಿ ಮೀನು ಬಂದ ಮೂರನೇ ದಿನಕ್ಕೇ ಸತ್ತಿತು. ಸಾಯುವ ಮುಂಚೆ ತನ್ನ ರೋಗವನ್ನು ಉಳಿದವರಿಗೆ ಹಂಚಿಹೋಗಿತ್ತು.

ಉಳಿದವರೆಂದರೆ ಇಬ್ಬರೇ, ಕಿತ್ತಳೆ ಮೈಗೆ ಬಿಳಿ ಪಟ್ಟೆ ಇರುವ ಒಂದು ಜೋಡಿ ಕಡಲ ಮೀನು. ದೊಡ್ಡದು ಹೆಣ್ಣು, ಅದರ ಹೆಸರು ಯಜಮಾನಿ. ಚಿಕ್ಕದು ಗಂಡು, ಹಗಲೆಲ್ಲ ಅವಳ ಬಾಲ ಹಿಡಿದುಕೊಂಡೇ ತಿರುಗುತ್ತಿದ್ದುದರಿಂದ ಅದು ಮನೆಯಳಿಯ. ಸಿಸ್ಟರಮ್ಮ ನರ್ಸ್ ಕೆಲಸದಿಂದ ನಿವೃತ್ತರಾದ ವರ್ಷ ತಂದ ಮೀನುಗಳು ಅವು. ಬೆಳಿಗ್ಗೆ ಅವರು ನೀರಿಗೆ ಬೆರಳಿಟ್ಟರೆ ಸಾಕು, ಯಜಮಾನಿ ಎಲ್ಲಿದ್ದರೂ ಬಂದು ಬೆರಳ ತುದಿ ಕಚ್ಚುತ್ತಿದ್ದಳು. ವಾರ್ಡಿನಲ್ಲಿ ಇದ್ದಷ್ಟು ಕಾಲ ಸಾವಿರಾರು ಜನರ ನಾಡಿ ಹಿಡಿದ ಕೈ ಅದು. ಈಗ ಆ ಕೈಗಾಗಿ ಕಾಯುವ ಜೀವ ಇದೊಂದೇ ಎಂದು ಅವರಿಗೆ ಎಷ್ಟೋ ಸಲ ಅನ್ನಿಸಿತ್ತು. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ.

“ಅಮ್ಮಾ, ಬೈಬೇಡ. ಇವನ್ನ ಕೊಟ್ಬಿಡೋಣ,” ಎಂದ ಮಗ. “ಅಂಗಡಿಯವನು ತೊಟ್ಟೀನೂ ತಗೋತಾನಂತೆ. ಆ ಜಾಗದಲ್ಲಿ ನಿಂಗೊಂದು ಮಂಚ ಹಾಕಿದ್ರೆ ಗಾಳಿ, ಬೆಳಕು...”

“ನನ್ನ ಮಂಚ ಹಿಡಿಸೋಕೆ ಎಷ್ಟು ಆತುರವೋ ನಿಂಗೆ!”

“ಹಾಗಲ್ಲಮ್ಮ. ನೋಡ್ಕೊಳ್ಳೋರು ಯಾರು ಹೇಳು? ನಿನ್ನ ಕೈಲಾಗಲ್ಲ. ನನ್ನ ಕೈಗುಣ ಎಂಥದ್ದು ಅಂತ ನೋಡಿದೀಯ.”

“ನಾನು ನೋಡ್ಕೋತೀನಿ,” ಎಂದಳು ಸೊಸೆ.

ಮನೆಯ ಮುಂದಿನ ಕೋಣೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ಅವಳು ಬಾಚಣಿಗೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು. ಸಿಸ್ಟರಮ್ಮನಿಗೆ ಕಿವಿಯನ್ನೇ ನಂಬಲಾಗಲಿಲ್ಲ. ಅತ್ತೆ ಸೊಸೆಯರ ನಡುವೆ ಜಗಳವಿರಲಿಲ್ಲ, ನಿಜ. ಜಗಳವಾಡುವಷ್ಟು ಮಾತೂ ಇರಲಿಲ್ಲ.

“ನಿಂಗ್ಯಾಕಮ್ಮ ಈ ಉಸಾಬರಿ?”

“ಈ ಮನೇಲಿ ನೀವು ನಗ್ತಾ ಮಾತಾಡಿಸೋದು ಆ ಮೀನನ್ನ ಮಾತ್ರ ಅತ್ತೆ. ಅದೂ ಹೋದ್ರೆ ನಮ್ಮ ಗತಿ ಏನು?”

ಕೊನೆಗೆ ಮಗ ಒಪ್ಪಿದ, ಆದರೆ ಷರತ್ತು ಹಾಕಿ. ಎರಡೂವರೆ ತಿಂಗಳು ಬಿಟ್ಟು ಎರಡೂ ಮೀನು ಜೀವಂತವಾಗಿ ದೊಡ್ಡ ತೊಟ್ಟಿಗೆ ಮರಳಿದರೆ ಸರಿ. ಒಂದು ಹೋದರೂ ತೊಟ್ಟಿ ಅಂಗಡಿಗೆ. “ಆಯ್ತು,” ಎಂದರು ಸಿಸ್ಟರಮ್ಮ. ಹುಳ ಸಾಯಲು ಬೇಕಾದಷ್ಟು ದಿನ ಲೆಕ್ಕ ಹಾಕಿ ಆ ಗಡುವು ಕೇಳಿದವರು ಅವರೇ.

ದೊಡ್ಡ ತೊಟ್ಟಿಗೆ ಔಷಧಿ ಸುರಿಯುವಂತಿರಲಿಲ್ಲ. ಹುಳವನ್ನು ಕೊಲ್ಲುವ ತಾಮ್ರದ ಔಷಧಿ ಅಲ್ಲಿನ ಹವಳವನ್ನೂ ಸೀಗಡಿಯನ್ನೂ ಬಿಡುವುದಿಲ್ಲ. ಹಾಗಾಗಿ ಮೀನನ್ನೇ ಒಕ್ಕಲೆಬ್ಬಿಸಿದರು. ಅಡುಗೆಮನೆ ಪಕ್ಕದ ಓಣಿಯಲ್ಲಿ ಬೆಂಚು ಹಾಕಿ ಅದರ ಮೇಲೆ ಟಬ್ಬು. ಮೂರು ದಿನಕ್ಕೊಮ್ಮೆ ಮೀನುಗಳನ್ನು ಜರಡಿಯಲ್ಲಿ ಎತ್ತಿ, ಹೊಸ ಉಪ್ಪುನೀರು ತುಂಬಿದ ಇನ್ನೊಂದು ಟಬ್ಬಿಗೆ ಬಿಡಬೇಕು. ಹಳೆಯ ಟಬ್ಬನ್ನು ಉಜ್ಜಿ ತೊಳೆದು ಬಿಸಿಲಿಗೆ ಬೋರಲು ಹಾಕಬೇಕು. ಮೈಯಿಂದ ಉದುರಿದ ಹುಳ ಮರಿ ಮಾಡುವಷ್ಟರಲ್ಲಿ ಮೀನು ಮನೆ ಖಾಲಿ ಮಾಡಿರಬೇಕು, ಅಷ್ಟೇ ಉಪಾಯ. ಹೀಗೆ ನಾಲ್ಕು ಸಲ ಮಾಡಿದರೆ ಮೈ ಶುದ್ಧ. ಅತ್ತ ದೊಡ್ಡ ತೊಟ್ಟಿಯ ಮರಳಿನಲ್ಲಿ ಅವಿತದ್ದು, ತಿನ್ನಲು ಮೀನಿನ ಮೈ ಸಿಗದೆ, ಉಪವಾಸ ಬಿದ್ದು ಸಾಯುವವರೆಗೆ ಅದು ಖಾಲಿ ಇರಬೇಕು.

“ಬಾಡಿಗೆ ಮನೆಯವರ ಪಾಡಾಯ್ತಲ್ಲ ಅತ್ತೆ ಇವುಗಳದ್ದು,” ಎನ್ನುತ್ತ ಸೊಸೆ ಉಪ್ಪು ಕದಡಿದಳು.

“ಮಾತು ಸಾಕು, ಕೈ ಒರೆಸ್ಕೋ. ಆ ಬಟ್ಟೆ ಅಲ್ಲ! ಕೆಂಪು ಬಟ್ಟೆ ತೊಟ್ಟೀದು, ಬಿಳೀದು ಟಬ್ಬಿಂದು. ತೊಟ್ಟಿ ಮುಟ್ಟಿದ ಕೈ ಟಬ್ಬಿಗೆ ಬರ್ಕೂಡದು.”

“ಒಂದು ಹನಿ ನೀರಲ್ಲಿ ಏನಿರುತ್ತೆ ಅತ್ತೆ?”

“ವಾರ್ಡಲ್ಲೂ ಎಲ್ಲರೂ ಹೀಗೇ ಕೇಳೋರು. ಒಂದು ಹನಿಗೆ ಏನಾಯ್ತು ಅಂತ ಆಮೇಲೆ ನಾನು ಹಾಸಿಗೆ ಹಾಸಿಗೆಗೂ ಹೋಗಿ ನೋಡ್ತಿದ್ದೆ.”

ಸೊಸೆ ಬಿಳಿ ಬಟ್ಟೆ ಎತ್ತಿಕೊಂಡಳು. ಗಿರಾಕಿಗಳ ತಲೆಗೆ ಬಣ್ಣ ಹಚ್ಚುವ ಕೈಯೆಂದು ಸಿಸ್ಟರಮ್ಮ ಒಳಗೊಳಗೇ ಮೂಗು ಮುರಿದಿದ್ದರು. ಆ ಕೈ ಜರಡಿ ಹಿಡಿದರೆ ಯಜಮಾನಿಯ ಮೈಯಿಂದ ಒಂದು ಹುರುಪೆಯೂ ಏಳುತ್ತಿರಲಿಲ್ಲ. ದಿನವೂ ಗಿರಾಕಿಗಳ ಕೂದಲ ಸಿಕ್ಕು ಬಿಡಿಸುವವಳಿಗೆ ತಾಳ್ಮೆ ತಾನಾಗೇ ಬಂದಿರುತ್ತದೆ ಎಂದುಕೊಂಡರು. ಟಬ್ಬಿನಿಂದ ಟಬ್ಬಿಗೆ ನಾಲ್ಕು ವರ್ಗವೂ ಮುಗಿದವು. ಚುಕ್ಕೆ ಮತ್ತೆ ಬರಲಿಲ್ಲ. ಮಗ ಮಂಚದ ಮಾತು ಎತ್ತಲಿಲ್ಲ.

ಎರಡು ತಿಂಗಳಾಗುತ್ತ ಬಂದ ಒಂದು ಮಧ್ಯಾಹ್ನ ಸಿಸ್ಟರಮ್ಮ ವಾಕರ್ ಹಿಡಿದು, ಯಾರನ್ನೂ ಕರೆಯದೆ, ಕುರ್ಚಿಯಿಂದ ದೊಡ್ಡ ತೊಟ್ಟಿಯವರೆಗೆ ನಡೆದರು. ಮೈಯೆಲ್ಲ ಬೆವರಿತು, ಮನಸ್ಸು ಮಾತ್ರ ಹಿಗ್ಗಿತು. ಹವಳಕ್ಕೆ ಒಂದೆಳೆ ಪಾಚಿ ಸುತ್ತಿಕೊಂಡಿತ್ತು, ಕೈಹಾಕಿ ಕಿತ್ತರು. ಬಂದದ್ದು ಬಂದಾಯಿತು, ಯಜಮಾನಿಯನ್ನೂ ನೋಡಿಯೇ ಹೋಗೋಣವೆಂದು ಓಣಿಯತ್ತ ತಿರುಗಿದರು. ಟಬ್ಬಿನ ಮೇಲೆ ಅವರ ನೆರಳು ಬಿದ್ದದ್ದೇ ತಡ, ಆ ಕಿತ್ತಳೆ ಮೈ ಕುಣಿಯುತ್ತ ಮೇಲೆ ಬಂತು. ಇಷ್ಟು ದಿನವಾದರೂ ಮರೆತಿಲ್ಲವಲ್ಲ! ಬೆರಳು ತನ್ನಷ್ಟಕ್ಕೇ ಮುಂದೆ ಹೋಯಿತು.

“ಅತ್ತೆ! ಕೈ!”

ಸೊಸೆ ಓಡಿಬಂದು ಅವರ ಮಣಿಕಟ್ಟು ಹಿಡಿದಳು. ಬೆರಳು ನೀರಿಗಿಂತ ಗೇಣು ಮೇಲೆ ನಿಂತಿತು. ಆದರೆ ಬೆರಳ ತುದಿಯ ಹನಿ ನಿಲ್ಲಲಿಲ್ಲ, ಟಬ್ಬಿಗೆ ಬಿತ್ತು. ನೀರಿನ ಮೇಲೆ ಸಣ್ಣದೊಂದು ಬಳೆ ಎದ್ದು, ಅಗಲವಾಗಿ, ಅಂಚಿಗೆ ತಾಗಿ ಹೋಯಿತು. ಇಬ್ಬರೂ ಅದನ್ನೇ ನೋಡಿದರು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಊರಿಗೆಲ್ಲ ಬುದ್ಧಿ ಹೇಳಿದ ಕೈಯೇ ದೊಣ್ಣೆಯಾಯಿತಲ್ಲ ಎಂದು ಸಿಸ್ಟರಮ್ಮನಿಗೆ ನಾಚಿಕೆಯಾಯಿತು.

ಸದ್ದು ಕೇಳಿ ಬಂದ ಮಗ ವಿಷಯ ತಿಳಿದು ನಕ್ಕುಬಿಟ್ಟ. “ಅಷ್ಟೇನಾ? ಒಂದು ಹನಿ ತಾನೇ, ಬಿಡಮ್ಮ. ಇಷ್ಟೊತ್ತಿಗೆ ತೊಟ್ಟೀಲಿರೋ ಹುಳ ಎಲ್ಲ ಸತ್ತಿರುತ್ತೆ. ಆ ಮುದಿ ಮೀನನ್ನ ಮತ್ತೆ ಮತ್ತೆ ಎತ್ತಿ ಹಾಕಿದ್ರೆ ಅದಕ್ಕೇ ಸಾಯುತ್ತೆ, ನೋಡ್ತಿರು.”

ಅವನ ಮಾತಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ಸಂಕಟ. ಸತ್ತಿದ್ದರೂ ಸತ್ತಿರಬಹುದು. ಯಜಮಾನಿಗೆ ವಯಸ್ಸಾದದ್ದೂ ನಿಜ. ಸುಮ್ಮನಿದ್ದುಬಿಡು ಎಂದು ಸಿಸ್ಟರಮ್ಮನ ಒಳಗೇ ಯಾರೋ ಅಂದರು.

ಸೊಸೆ ಗಂಡನ ಕಡೆ ತಿರುಗಿಯೂ ನೋಡಲಿಲ್ಲ. “ವಾರ್ಡಲ್ಲಾಗಿದ್ರೆ ಏನ್ಮಾಡ್ತಿದ್ರಿ ಅತ್ತೆ?”

“ಮೊದಲಿಂದ ಶುರು ಮಾಡ್ತಿದ್ದೆ.”

“ಸರಿ, ಮೊದಲಿಂದ.” ಅವಳು ಆಗಲೇ ಉಪ್ಪಿನ ಡಬ್ಬ ಇಳಿಸುತ್ತಿದ್ದಳು. ಮುಂದಿನ ಕೋಣೆಯಿಂದ ಅರ್ಧ ತಲೆಗೆ ಬಣ್ಣ ಹಚ್ಚಿಸಿಕೊಂಡ ಗಿರಾಕಿ, “ಏನ್ರೀ, ನನ್ನ ತಲೆ ಕಥೆ ಏನು?” ಎಂದು ಕೂಗಿದಳು. “ಇರಿ ಅಕ್ಕ, ಒಂದು ಎಮರ್ಜೆನ್ಸಿ!” ಎಂದಳು ಸೊಸೆ.

ಮತ್ತೆ ಟಬ್ಬಿನಿಂದ ಟಬ್ಬಿಗೆ ವರ್ಗ ಶುರುವಾಯಿತು. ಎರಡನೆಯದು ಮುಗಿದ ಮೇಲೆ ಯಜಮಾನಿ ಆಹಾರ ಬಿಟ್ಟಳು. ಒಂದು ಮಗ್ಗುಲಿಗೆ ವಾಲಿ ತಳ ಹಿಡಿದಳು. ಮನೆಯಳಿಯ ದಿಕ್ಕುತೋಚದೆ ಅವಳನ್ನು ಸುತ್ತಿದ. ಮಗ ಅಂಗಡಿಯವನ ಫೋನು ಬಂದರೆ ಹೊರಗೆ ಹೋಗಿ ಮಾತಾಡುತ್ತಿದ್ದ. “ಎಲ್ಲಾ ನನ್ನಿಂದ,” ಎಂದು ಸಿಸ್ಟರಮ್ಮ ಒಮ್ಮೆ ಕಣ್ಣು ಒರೆಸಿಕೊಂಡರು. “ಅಳೋದಾದ್ರೆ ಅಳಿ, ಆದ್ರೆ ಟಾರ್ಚ್ ಸರಿಯಾಗಿ ಹಿಡೀರಿ ಅತ್ತೆ,” ಎಂದಳು ಸೊಸೆ. ಸಿಸ್ಟರಮ್ಮ ಒಂದು ಕೈ ವಾಕರಿಗೆ ಕೊಟ್ಟು ಇನ್ನೊಂದು ಕೈಲಿ ಟಾರ್ಚ್ ಹಿಡಿದರು. ಮೂರನೆಯ ವರ್ಗವನ್ನೂ ತಪ್ಪಿಸಲಿಲ್ಲ. ನಾಲ್ಕನೆಯದು ಮುಗಿದ ಸಂಜೆ ಸೊಸೆ ಚಿಮಟಿಗೆಯಲ್ಲಿ ಹಿಡಿದ ಸೀಗಡಿ ಚೂರನ್ನು ಯಜಮಾನಿ ಕಸಿದುಕೊಂಡು ತಿಂದಳು.

ಗಡುವು ತುಂಬಿದ ಬೆಳಿಗ್ಗೆ ಸೊಸೆ ಇಬ್ಬರನ್ನೂ ದೊಡ್ಡ ತೊಟ್ಟಿಗೆ ಇಳಿಸಿದಳು. ಮಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ದೂರದಲ್ಲೇ ನಿಂತಿದ್ದ. ಯಜಮಾನಿ ಹವಳಕ್ಕೆ ಒಂದು ಸುತ್ತು ಹಾಕಿ, ಮೂಲೆ ಮೂಲೆ ಪರೀಕ್ಷೆ ಮಾಡಿ, ಮೇಲೆ ಬಂದು ಹಳೆಯ ಜಾಗದಲ್ಲೇ ಕಾದು ನಿಂತಳು.

ಸಿಸ್ಟರಮ್ಮ ಬೆರಳು ಒರೆಸಿಕೊಂಡು ಮುಂದೆ ಚಾಚಿದವರು ಹಾಗೇ ತಡೆದರು.

“ನೀನಿಡು.”

“ನಾನಾ?”

“ಕೈ ತೊಳ್ಕೊಂಡಿದೀಯಾ?”

“ಎರಡು ಸಲ.”

ಸೊಸೆ ಬೆರಳು ಅದ್ದಿದಳು. ಯಜಮಾನಿ ಒಂದು ಗಳಿಗೆ ಅನುಮಾನಿಸಿ, ಹತ್ತಿರ ಬಂದು, ಕಚ್ಚಿದಳು. “ಅಯ್ಯೋ, ಕಚ್ಚಿದ್ಲು ಅತ್ತೆ!” ಎಂದು ಸೊಸೆ ಚಿಕ್ಕ ಹುಡುಗಿಯ ಹಾಗೆ ಕೂಗಿದಳು, ಆದರೆ ಬೆರಳು ತೆಗೆಯಲಿಲ್ಲ. ಸಿಸ್ಟರಮ್ಮ ವಾಕರ್ ಬಿಟ್ಟು, ಅವಳ ಇನ್ನೊಂದು ಕೈಯ ಮಣಿಕಟ್ಟು ಹಿಡಿದು ನಿಂತಿದ್ದರು.