ಐದು ಹೋಟೆಲ್, ಎರಡು ಟೇಬಲ್

ನಮ್ಮಿಬ್ಬರನ್ನೂ ಒಂದೇ ಕೋಣೆಗೆ ಹಾಕಿದ್ದು ತಂಗಿ ರಾಜಶ್ರೀಯ ಕಿತಾಪತಿ. ಪುಣೆಯಲ್ಲಿ ಅವಳ ಹೊಸ ಫ್ಲ್ಯಾಟಿನ ಗೃಹಪ್ರವೇಶ. ಊರಿನಿಂದ ಬಂದವರಿಗೆ ಮನೆಯಲ್ಲಿ ಜಾಗ ಸಾಲದು ಎಂದು ಲಾಡ್ಜ್ ಹಿಡಿದಿದ್ದಳು. ಹಿಡಿಯಲಿ, ನಾನು ಬೇಡ ಅಂದೆನೆ? ಆದರೆ ಏಳು ವರ್ಷದಿಂದ ಮಾತು ಬಿಟ್ಟ ಅಣ್ಣ ತಮ್ಮನನ್ನು ಎರಡು ಮಂಚದ ಒಂದು ಕೋಣೆಗೆ ನೂಕಿ, ಕೀಲಿಯನ್ನೂ ಒಂದೇ ಕೊಡಿಸಿದ್ದಳು.

ಅಷ್ಟಕ್ಕೇ ಬಿಡಲಿಲ್ಲ. ಬಸ್ಸಿನಿಂದ ಇಳಿಯುತ್ತಲೇ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು, "ಸಣ್ಣಣ್ಣಾ, ನಾಳೆ ನೀವಿಬ್ಬರೂ ಒಂದ ಪಂಕ್ತಿಯೊಳಗ ಕುಂತ ಉಂಡ್ರ ತವರಮನಿ ಸೀರಿ ಉಟ್ಟಕೊಂತೀನಿ. ಇಲ್ಲಂದ್ರ ತಂದ ಸೀರಿ ತಿರುಗಿ ಒಯ್ಯರಿ. ನನಗ ಅರ್ಧಾ ತವರಮನಿ ಬ್ಯಾಡ."

ಬನಹಟ್ಟಿಯ ರಾಮಲಿಂಗಪ್ಪನ ಮಗ್ಗದ ಮುಂದೆ ಕೂತು ಅಂಚಿನ ಬಣ್ಣ ಆರಿಸಿ ನೇಯಿಸಿದ ಸೀರೆ ಅದು. ತಿರುಗಿ ಒಯ್ಯಬೇಕಂತೆ. ನನಗೆ ಸಿಟ್ಟು ಬಂತು, ಪಾಪ ಅಂತಲೂ ಅನಿಸಿತು. ಅವ್ವ ಹೋದ ಮೇಲೆ ಅವಳಿಗೆ ತವರು ಅಂತ ಉಳಿದದ್ದು ನಾವಿಬ್ಬರೇ. ಆದರೆ ಆಡಿದ ಮಾತು ಆಡಿದ್ದು.

ನಾನು ಆಡಿದ ಮಾತು ಯಾವುದೆಂದು ಹೇಳಿಬಿಡುತ್ತೇನೆ. ಅನಗವಾಡಿಯ ನಮ್ಮ ಹೊಲದಲ್ಲಿ ಎಳ್ಳಮಾವಾಸ್ಯೆಗೆ ಭೂತಾಯಿಗೆ ನೈವೇದ್ಯದ ಚರಗ ಚೆಲ್ಲಿದ ಮೇಲೆ ಮನೆಯ ಗಂಡಸರೆಲ್ಲ ಒಂದೇ ಸಾಲಿನಲ್ಲಿ ಕೂಡಬೇಕು. ಕಡೆಯವನ ತಾಟಿಗೆ ಬಡಿಸುವ ತನಕ ಯಾರೂ ಬಾಯಿಗೆ ತುತ್ತು ಇಡುವ ಹಾಗಿಲ್ಲ. ಅಜ್ಜನ ಕಾಲದಿಂದ ನಡೆದುಬಂದದ್ದು. ಏಳು ವರ್ಷದ ಹಿಂದೆ ಬೀಳಗಿಯಿಂದ ಹೊರಟಾಗ ನನ್ನ ಮೋಟರ್ ಸೈಕಲ್ ಪಂಕ್ಚರ್ ಆಗಿ ಅರ್ಧ ತಾಸು ತಡವಾಯಿತು. ಹೊಲದ ಬದುವಿಗೆ ಬಂದು ನೋಡಿದರೆ, ಬನ್ನಿ ಗಿಡದ ಕೆಳಗೆ ಎಲ್ಲರೂ ಕೈಕಟ್ಟಿ ಕೂತಿದ್ದಾರೆ, ನಮ್ಮಣ್ಣ ಚನಮಲ್ಲಪ್ಪ ಒಬ್ಬನೇ ಸಜ್ಜಿ ಕಡುಬು ಮೆಲ್ಲುತ್ತಿದ್ದಾನೆ! ಮನೆಗೆ ಹಿರಿಯ. ಬಿಟ್ಟೇನೆ ನಾನು? "ಇವತ್ತಿನಿಂದ ನಿನ್ನ ಅನ್ನ-ನೀರು ನನಗ ಬ್ಯಾಡ, ನಿನ್ನ ಪಂಕ್ತಿನೂ ಬ್ಯಾಡ" ಎಂದು ಕೂಗಿ ಗಾಡಿ ತಿರುಗಿಸಿದೆ. ಅಂದಿನಿಂದ ಅವನು ಅನಗವಾಡಿಯಲ್ಲಿ ಹೊಲ ಮಾಡಿಕೊಂಡು ಇದ್ದಾನೆ, ನಾನು ಬೀಳಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ ನಡೆಸಿಕೊಂಡು ಇದ್ದೇನೆ.

ಕೋಣೆಯಲ್ಲಿ ಇಬ್ಬರೂ ಗೋಡೆಯ ಜೊತೆ ಮಾತಾಡಿದೆವು. "ಯಾರರ ಜಳಕಾ ಮಾಡೂದಿದ್ರ ಬಿಸಿನೀರು ಬಂದಾವು" ಎಂದು ನಾನು ಕಿಟಕಿಗೆ ಹೇಳಿದೆ. "ಯಾರರ ಫ್ಯಾನ್ ಸಣ್ಣದ ಮಾಡಿದ್ರ ಛಲೋ ಆಕ್ಕೇತಿ" ಎಂದು ಅವನು ಟೀವಿಗೆ ಹೇಳಿದ. ಮಧ್ಯಾಹ್ನವಾಯಿತು. ಲಾಡ್ಜಿನಲ್ಲಿ ಊಟವಿಲ್ಲ. ರಾಜಶ್ರೀಯ ಹೊಸ ಮನೆಯಲ್ಲಿ ನಾಳೆ ಹಾಲು ಉಕ್ಕಿಸುವ ತನಕ ಒಲೆ ಹೊತ್ತಿಸುವಂತಿಲ್ಲ. ನಮ್ಮಿಬ್ಬರ ಹೆಂಡಂದಿರೂ ಅವಳ ಎದುರು ಮನೆಯವರ ಅಡುಗೆಮನೆ ಹಿಡಿದು ಹೋಳಿಗೆಗೆ ಹೂರಣ ರುಬ್ಬುತ್ತ ಕೂತಿದ್ದರು. ನಮಗೆ ಹೋಟೆಲೇ ಗತಿ.

ರಾಜಶ್ರೀಯ ಮಗಳು ಸೌಂದರ್ಯಾ ನನ್ನ ಮೊಬೈಲಿಗೆ ಐದು ಹೋಟೆಲಿನ ಪಟ್ಟಿ ಕಳಿಸಿದಳು. ಒಂದೊಂದರ ಮುಂದೂ ನಕ್ಷತ್ರ, ಕೆಳಗೆ ನಕಾಶೆ. "ಮಾಮಾ, ಎಲ್ಲಾವೂ ಲಾಡ್ಜಿನ ಹತ್ರನ ಅದಾವು. ದೊಡ್ಡಮಾಮಾಗ ಬಿಟ್ಟ ಹೋಗಬ್ಯಾಡ್ರಿ, ಅವರ ಫೋನಿನ್ಯಾಗ ನೆಟ್ ಇಲ್ಲ" ಎಂದು ಬರೆದಿದ್ದಳು. ತಾಯಿಯ ತಾಲೀಮು, ಇನ್ನೇನು.

ಅಣ್ಣ ಒಂದು ಸಣ್ಣ ಜಿಪ್ಪಿನ ಚೀಲ ಹಿಡಿದು ಬಾತ್‌ರೂಮಿಗೆ ಹೋಗಿಬಂದ. ಗಡ್ಡ ಮಾಡಿಕೊಳ್ಳುವ ಸಾಮಾನು ಇರಬೇಕು ಅಂದುಕೊಂಡೆ. ಗಡ್ಡ ಮಾತ್ರ ಹಾಗೇ ಇತ್ತು. ಬಂದವನೇ ಬಾಗಿಲಲ್ಲಿ ನಿಂತು, "ಹೊಂಡೂದಾತಲ್ಲ?" ಅಂದ, ಬಾಗಿಲಿಗೆ.

ನಾನು ಮುಂದೆ, ಅವನು ಹತ್ತು ಮಾರು ಹಿಂದೆ. ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಗಿರಿಗಿಟ್ಟಲೆ ಸುತ್ತುತ್ತಿತ್ತು: ಹೋಟೆಲಿನಲ್ಲಿ ಉಂಡರೆ ಅದು ಯಾರ ಅನ್ನ? ಅವನು ದುಡ್ಡು ಕೊಟ್ಟರೆ ಅವನದು, ಅದು ಸರಿ. ನಾನು ನನ್ನದಕ್ಕೆ ಕೊಟ್ಟುಕೊಂಡರೆ ನನ್ನದು. ಆದರೆ ಒಂದೇ ಟೇಬಲ್ಲಿಗೆ ಕೂತರೆ ಪಂಕ್ತಿ ಆಗುತ್ತದೋ ಇಲ್ಲವೋ? ನೀರಿನ ಜಗ್ಗು ಒಂದೇ ಇಟ್ಟರೆ? ಗೊಬ್ಬರದ ಅಂಗಡಿಯಲ್ಲಿ ಇಂಥ ಪ್ರಶ್ನೆ ಯಾರೂ ಕೇಳುವುದಿಲ್ಲ.

ಮೊದಲನೇ ಹೋಟೆಲಿನ ಮುಂದೆ ರೇಷನ್ ಅಂಗಡಿಯ ಹಾಗೆ ಜನ. ಬಾಗಿಲಲ್ಲಿ ಒಬ್ಬ ಹೆಸರು ಬರೆದುಕೊಳ್ಳುತ್ತಿದ್ದ. ಎಷ್ಟು ಜನ ಎಂದು ಮರಾಠಿಯಲ್ಲಿ ಕೇಳಿದ. ನಾನು ಒಬ್ಬ ಅಂದೆ. ಹಿಂದಿನಿಂದ ಅಣ್ಣನೂ ಒಬ್ಬ ಅಂದ. ಅವನು ನಮ್ಮಿಬ್ಬರ ಮುಖ ನೋಡಿದ. ಒಂದೇ ಮೂಗು, ಒಂದೇ ಹಣೆ, ಎರಡು ಟೋಪಿಗೂ ಒಂದೇ ದರ್ಜಿ. ಏನು ತಿಳಿದುಕೊಂಡನೋ, ನಲವತ್ತು ನಿಮಿಷ ಆಗುತ್ತದೆ ಎಂದ. "ನಲವತ್ತ ಮಿನಿಟ ಆಗಂಗಿಲ್ಲ" ಎಂದ ಅಣ್ಣ, ಈ ಸಲ ನೇರವಾಗಿ ನನಗೇ. ಹೊಟ್ಟೆಬಾಕತನ ಇನ್ನೂ ಹೋಗಿಲ್ಲ ನೋಡು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಎರಡನೆಯದರಲ್ಲಿ ಒಳಗೆ ಹೋಗಿ ಬೇರೆ ಬೇರೆ ಕೂತೆವು. ಏನು ಸಿಗುತ್ತದೆ ಎಂದು ಬರೆದ ಹಾಳೆಯೇ ಇಲ್ಲ. ಟೇಬಲ್ಲಿನ ಮೇಲೆ ಒಂದು ಕಪ್ಪು ಚೌಕುಳಿ ಚಿತ್ರ ಅಂಟಿಸಿದ್ದಾರೆ, ಅದಕ್ಕೆ ಮೊಬೈಲ್ ಹಿಡಿಯಬೇಕಂತೆ. ಹಿಡಿದೆ. ನನ್ನ ಫೋಟೋ ಬಂತು. ಮತ್ತೆ ಹಿಡಿದೆ, ಲೈಟ್ ಹತ್ತಿತು. ಆಚೆ ಅಣ್ಣ ತನ್ನ ಗುಂಡಿ ಫೋನನ್ನು ಅದರ ಮೇಲೆ ಅಡ್ಡ ಮಲಗಿಸಿ ಕಾಯುತ್ತಿದ್ದ. ನಗು ಬಂತು, ತಡೆದುಕೊಂಡು ಎದ್ದೆ.

ಮೂರನೆಯದರ ಅಡುಗೆಮನೆಯಲ್ಲಿ ಪಲ್ಯವೂ ಮಟನ್ನೂ ಅಕ್ಕಪಕ್ಕದ ಒಲೆಯ ಮೇಲೆ ಕುದಿಯುತ್ತಿದ್ದವು. ಕೊರಳಲ್ಲಿ ಲಿಂಗ ಕಟ್ಟಿಕೊಂಡವರು ಅಲ್ಲಿ ಹೆಂಗೆ ಉಣ್ಣುವುದು? ಆ ಮಾತಿಗೆ ಮಾತ್ರ ಇಬ್ಬರೂ ಒಂದೇ ಸಲ ತಿರುಗಿದೆವು.

ನಾಲ್ಕನೆಯದನ್ನು ಹುಡುಕುವುದರಲ್ಲಿ ದಾರಿ ತಪ್ಪಿತು. ನಕಾಶೆಯಲ್ಲಿ ನಾನಿರುವ ನೀಲಿ ಚುಕ್ಕೆ ಬುಗುರಿಯ ಹಾಗೆ ತಿರುಗುತ್ತದೆ. ಬಲಕ್ಕೆ ಅನ್ನುತ್ತದೆ, ಬಲಕ್ಕೆ ಗೋಡೆ. ಒಂದೇ ಔಷಧಿ ಅಂಗಡಿಯನ್ನು ಮೂರು ಸಲ ದಾಟಿದೆವು, ಮೂರನೇ ಸಲ ಅಂಗಡಿಯವ ನಮಗೆ ನಮಸ್ಕಾರ ಮಾಡಿದ. ಅಣ್ಣ ಅಲ್ಲೊಂದು ಕಟ್ಟೆಗೆ ಕೈ ಕೊಟ್ಟು ನಿಂತ. "ಯಾವುದರ ಒಂದಕ್ಕ ಹೋಗೂಣು ಬಾ, ಲಗೂನ" ಅಂದ. ನನಗೆ ರೇಗಿತು. ಅರ್ಧ ತಾಸು ತಡೆದುಕೊಳ್ಳುವುದು ಅಂದೂ ಆಗಲಿಲ್ಲ, ಇಂದೂ ಆಗುವುದಿಲ್ಲ.

ಕಡೆಗೂ ನಾಲ್ಕನೆಯದು ಸಿಕ್ಕಿತು. ಚೊಕ್ಕ ಸಸ್ಯಾಹಾರ, ಜನ ಕಡಿಮೆ, ಬಡಿಸಲು ತಯಾರು. ಆದರೆ ಒಳಗೆ ಇದ್ದದ್ದು ಒಂದೇ ಒಂದು ಉದ್ದನೆಯ ಟೇಬಲ್. ಎಲ್ಲರೂ ಸಾಲಾಗಿ ಅದಕ್ಕೇ ಕೂಡಬೇಕು. ಅಣ್ಣ ಕೂತೇ ಬಿಟ್ಟ. ನಾನು ಬಾಗಿಲಲ್ಲೇ ನಿಂತೆ. ಇದು ಪಂಕ್ತಿಯಲ್ಲದೆ ಮತ್ತೇನು?

"ಇಲ್ಲಿ ಆಗಂಗಿಲ್ಲ" ಅಂದೆ.

ಅಣ್ಣ ನನ್ನನ್ನು ನೋಡಿದ, ಟೇಬಲ್ ನೋಡಿದ. ಅವನಿಗೆ ತಿಳಿಯಿತು. ಟೇಬಲ್ಲಿಗೆ ಎರಡೂ ಕೈ ಊರಿ ಎದ್ದು ಬಂದ. ಅವನು ಜಗಳಾಡಿದ್ದರೆ ನನಗೆ ಹಗುರಾಗುತ್ತಿತ್ತು.

ಐದನೆಯದರಲ್ಲಿ ಗೋಡೆಗುಂಟ ಒಬ್ಬೊಬ್ಬರು ಕೂಡುವ ಸಣ್ಣ ಟೇಬಲ್ಲುಗಳಿದ್ದವು. ಅಲ್ಲಿ ಒಂದಕ್ಕೆ ಅವನು, ಒಂದು ಮಾರು ಬಿಟ್ಟು ಇನ್ನೊಂದಕ್ಕೆ ನಾನು. ಅವನು ಏನನ್ನೂ ಓದದೆ ಥಾಲಿ ತಾ ಎಂದ. ನನಗೆ ಹನ್ನೆರಡು ಪುಟದ ಪುಸ್ತಕ ಕೊಟ್ಟರು. ಓದಿದಷ್ಟೂ ಗೊಂದಲ. ಪನೀರೇ ಇಪ್ಪತ್ತು ಥರ. ಸಾಕಾಗಿ, ಜೋಳದ ಭಾಕರಿ ಇದೆಯೇ ಎಂದು ಕೇಳಿದೆ. ಇದೆ, ಬಡಿದು ಕೊಡಲು ಇಪ್ಪತ್ತು ನಿಮಿಷ ಎಂದರು. ತಾ ಎಂದೆ. ಜೋಳದ ರೊಟ್ಟಿಗಾಗಿ ನಾವು ಇಪ್ಪತ್ತು ನಿಮಿಷವಲ್ಲ, ಸಂಜೆ ತನಕ ಕಾದೇವು.

ಅಣ್ಣನ ಥಾಲಿ ಬಂತು. ಚಪಾತಿ, ಎರಡು ಪಲ್ಯ, ಸಾರು, ಬಟ್ಟಲಲ್ಲಿ ಶ್ರೀಖಂಡ. ಈಗ ಮುಕ್ಕುತ್ತಾನೆ ನೋಡು ಎಂದು ಓರೆಗಣ್ಣಲ್ಲಿ ಕಾದೆ. ಅವನು ಮುಕ್ಕಲಿಲ್ಲ. ತಾಟಿನ ಎರಡೂ ಕಡೆ ಕೈ ಇಟ್ಟು ಸುಮ್ಮನೆ ಕೂತ. ಬಡಿಸುವವನು ಬಂದು ಏನಾದರೂ ಕಡಿಮೆಯಾಯಿತೇ ಎಂದು ಕೇಳಿದ. ಇಲ್ಲ ಎಂದು ತಲೆ ಅಲ್ಲಾಡಿಸಿದ. ಐದು ನಿಮಿಷವಾಯಿತು, ಹತ್ತಾಯಿತು. ಚಪಾತಿ ಬಿರುಸಾಗುತ್ತಿತ್ತು. ದಾರಿಯುದ್ದಕ್ಕೂ ಊಟ ಊಟ ಎಂದು ಬಡಕೊಂಡವನು ಈಗ ಉಪವಾಸ ಕೂತಿದ್ದು ಯಾಕೆ? ನನಗೆ ತಲೆಬುಡ ತಿಳಿಯಲಿಲ್ಲ.

ಆಗ ಅವನ ಕೈ ನೋಡಿದೆ. ನಡುಗುತ್ತಿತ್ತು. ಎಸಿ ಹಾಕಿದ ಹೋಟೆಲಿನಲ್ಲಿ ಹಣೆಯ ಮೇಲೆ ಬೆವರು ಸಾಲುಗಟ್ಟಿ, ಅಂಗಿಯ ಕಾಲರು ತೊಯ್ದಿತ್ತು. ಎದ್ದು ಹೋದೆ. ಗೋಡೆಯ ಜೊತೆ ಮಾತಾಡುವುದೆಲ್ಲ ಮರೆತುಹೋಯಿತು.

"ಅಣ್ಣಾ, ಏನಾತೋ?"

"ಏನಿಲ್ಲ. ಹೊಂಡೂ ಮುಂದ ಶುಗರ್‌ದ ಸೂಜಿ ಮಾಡ್ಕೊಂಡಿದ್ದೆ. ಅರ್ಧಾ ತಾಸಿನ್ಯಾಗ ಉಣ್ಣಬೇಕ. ತಾಸಿನ ಮ್ಯಾಲಾತು."

"ಮತ್ತ ಉಣ್ಣಬೇಕಿಲ್ಲೋ? ತಾಟ ಬಂದ ಎಷ್ಟೊತ್ತಾತು!"

ಅವನು ನನ್ನ ಖಾಲಿ ಟೇಬಲ್ಲಿನ ಕಡೆ ನೋಡಿದ.

"ನಿಂದ ಬಂದಿಲ್ಲಲ್ಲ" ಅಂದ.

ನಾನು ತಾಟನ್ನು ಅವನ ಹತ್ತಿರಕ್ಕೆ ಸರಿಸಿದೆ. ಅವನು ನಿಧಾನವಾಗಿ, ತೊದಲುತ್ತ ಹೇಳಿದ, "ಆವತ್ತ ಎರಡ ತುತ್ತ ಮೊದಲ ತಿಂದೆ. ಏಳ ವರ್ಷ ಆತು. ಇನ್ನೊಮ್ಮೆ ಆಗೂದ ಬ್ಯಾಡ."

ನಾನು ಪಕ್ಕದ ಕುರ್ಚಿ ಎಳೆದುಕೊಂಡು ಅವನ ಟೇಬಲ್ಲಿಗೇ ಕೂತೆ. ಅವನ ತಾಟಿನ ಶ್ರೀಖಂಡದಲ್ಲಿ ಬೆರಳು ಅದ್ದಿ ನನ್ನ ಬಾಯಿಗೆ ಇಟ್ಟುಕೊಂಡೆ.

"ಆತು, ನಾ ಉಂಡೆ. ಈಗ ಬಾಯಿ ತಗಿ" ಅಂದೆ. ಚಮಚೆ ತುಂಬ ಶ್ರೀಖಂಡ ತೆಗೆದು ಅವನ ಬಾಯಿಗೆ ಇಟ್ಟೆ. ಇನ್ನೊಂದು ಚಮಚೆ. ಮತ್ತೊಂದು. ಬಟ್ಟಲು ತಳ ಕಂಡ ಮೇಲೆ ಇನ್ನೊಂದು ತರಿಸಿದೆ. ಬಡಿಸುವವನು ದೂರ ನಿಂತು ನೋಡುತ್ತಿದ್ದ. ನೋಡಲಿ. ಒಂದು ಹತ್ತು ನಿಮಿಷಕ್ಕೆ ಕೈಯ ನಡುಕ ನಿಂತಿತು, ಮುಖಕ್ಕೆ ಬಣ್ಣ ಬಂತು. ತಾನೇ ಚಪಾತಿ ಮುರಿದುಕೊಂಡ. ನನಗೆ ಆಗ ಹೋದ ಜೀವ ಬಂದಂತಾಯಿತು.

"ಆವತ್ತ ಹೊಲದಾಗೂ ಹಿಂಗ ಆಗಿತ್ತೇನು?" ಕೇಳಿದೆ.

"ಹೂಂ. ಸೂಜಿ ಹೊಸದಾಗಿ ಚಾಲೂ ಮಾಡಿದ್ರು. ಯಾರಿಗೂ ಹೇಳಿರಲಿಲ್ಲ. ಕಣ್ಣಿಗೆ ಕತ್ತಲಿ ಬಂತು. ನಿಮ್ಮ ಅತ್ತಿಗಿ ಕಸ್ತೂರೆವ್ವ ಓಡಿಬಂದು ಕಡಬ ಕೈಯಾಗಿಟ್ಟು ತಿನ್ನ ಅಂದ್ಲು."

"ಹೇಳಬೇಕಿಲ್ಲೋ ಮತ್ತ ನನಗ?"

"ನೀ ಎಲ್ಲಿ ನಿಂತಿ? ಗಾಡಿ ಬಂದ್ ಸುದ್ದಾ ಮಾಡಲಿಲ್ಲ."

ಖರೆ. ಗಾಡಿ ಬಂದ್ ಮಾಡಿರಲಿಲ್ಲ. ಪಂಕ್ಚರಿನ ಸಿಟ್ಟು, ಬಿಸಿಲಿನ ಸಿಟ್ಟು, ಎಲ್ಲ ಕೂಡಿಸಿ ಅವನ ಮೇಲೆ ಸುರಿದು ಧೂಳೆಬ್ಬಿಸಿ ಹೋಗಿದ್ದೆ. ಏಳು ಎಳ್ಳಮಾವಾಸ್ಯೆ ಬೀಳಗಿಯಲ್ಲಿ ಅಂಗಡಿಯ ಬಾಗಿಲು ಹಾಕಿಕೊಂಡು ಒಬ್ಬನೇ ಉಂಡಿದ್ದೆ, ಮರ್ಯಾದೆ ಉಳಿಸಿಕೊಂಡೆ ಎಂದು ಬೀಗಿದ್ದೆ. ಈಗ ಅಳು ಬಂತು. ಪುಣೆಯ ಹೋಟೆಲಿನಲ್ಲಿ ಐವತ್ತೆಂಟರ ಗಂಡಸು ಅಳುವುದು ಚೆಂದವಲ್ಲ ಎಂದು ಟೋಪಿ ತೆಗೆದು ಮುಖ ಒರೆಸಿಕೊಂಡೆ.

"ಅಳಬ್ಯಾಡಲೇ, ಶ್ರೀಖಂಡ ಉಪ್ಪ ಆಕ್ಕೇತಿ" ಎಂದ ಅಣ್ಣ, ಬಾಯಿ ತುಂಬಿಕೊಂಡೇ.

ನನ್ನ ಭಾಕರಿ ಆಗ ಬಂತು. ನಮ್ಮ ಕಡೆಯ ರೊಟ್ಟಿಗಿಂತ ದಪ್ಪ, ಮೇಲೆ ಬೆಣ್ಣೆ ಬೇರೆ ಸವರಿದ್ದರು. ನಡುವೆ ಮುರಿದು ಅರ್ಧ ಅವನ ತಾಟಿಗೆ ಹಾಕಿದೆ. ಅಷ್ಟರಲ್ಲಿ ರಾಜಶ್ರೀಯ ಫೋನು. ಎತ್ತಿದ ಕೂಡಲೇ ಅವಳ ದನಿಯಲ್ಲಿ ಅಂಜಿಕೆ ಕೇಳಿಸಿತು.

"ಸಣ್ಣಣ್ಣಾ, ಎರಡ ತಾಸಾತು, ಒಂದ ಫೋನಿಲ್ಲ. ಉಂಡ್ರಿಲ್ಲೋ? ಐದರೊಳಗ ಯಾವುದರಾಗ ಉಂಡ್ರಿ?"

ನಾನು ಸುತ್ತ ನೋಡಿದೆ. ಒಳಗೆ ಬರುವಾಗ ಹೋಟೆಲಿನ ಹೆಸರನ್ನೇ ಓದಿರಲಿಲ್ಲ.

"ಅಣ್ಣನ ತಾಟಿನ್ಯಾಗ" ಅಂದೆ.

ಆ ಕಡೆಯಿಂದ ಮೂಗು ಸೀಟಿದ ಸಪ್ಪಳ ಕೇಳಿಸಿತು. "ನಾಳೆ ಬರೂ ಮುಂದ ಸೀರಿ ಮರೀಬ್ಯಾಡ" ಎಂದು ಹೇಳಿ ಫೋನಿಟ್ಟಳು.